ಥರ್ಮನ್ ವಿಂಗೇಟ್ ಬೆನ್ನು ತಿರುಗಿಸಿ ಕೂತ ಗುರುವಾರ

ಅಮೆರಿಕದ ನಮ್ಮ ಸಸೆಕ್ಸ್ ಕೌಂಟಿಯಲ್ಲಿ ಮನುಷ್ಯರಿಗಿಂತ ಕೋಳಿಗಳೇ ಜಾಸ್ತಿ; ಒಬ್ಬೊಬ್ಬನ ಪಾಲಿಗೆ ಲಕ್ಷ ಕೋಳಿ ಅಂದರೂ ಹೇಳಿದ್ದು ಕಡಿಮೆಯೇ ಆದೀತು. ಆ ಕೋಳಿಗಳಿಗೂ ಓಟಿದ್ದಿದ್ದರೆ ಥರ್ಮನ್ ವಿಂಗೇಟ್ ಇವತ್ತಿಗೂ ರಾಜಧಾನಿ ಡೋವರಿನ ಶಾಸನಸಭೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದ. ಪಾಪ, ಓಟಿದ್ದದ್ದು ಮನುಷ್ಯರಿಗೆ. ಒಂಬತ್ತು ಸಲ ಹೊತ್ತು ಮೆರೆಸಿದ ಅದೇ ಮನುಷ್ಯರು ಹತ್ತನೇ ಸಲ ಹನ್ನೊಂದು ಓಟಿನಿಂದ ಮಣ್ಣು ಮುಕ್ಕಿಸಿದರು.

ಒಂಬತ್ತು ಗೆಲುವು ಅಂದರೆ ಹುಡುಗಾಟವಲ್ಲ. ಮೊದಲನೇ ಚುನಾವಣೆಯಲ್ಲಿ ಕೈ ಕುಲುಕಿ ಕುಲುಕಿ ಅವನ ಬಲಗೈ ಎಡಗೈಗಿಂತ ಎರಡು ಅಂಗುಲ ಉದ್ದವಾಯಿತು, ಅಂಗಿಗಳನ್ನೆಲ್ಲ ಹೊಸದಾಗಿ ಹೊಲಿಸಬೇಕಾಯಿತು. ನಾಲ್ಕನೇ ಸಲ ಎದುರಾಳಿಯ ಸ್ವಂತ ಅತ್ತೆಯೇ ಇವನಿಗೆ ಓಟು ಹಾಕಿ, ಹಾಕಿದ್ದನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿದಳು. ಆರನೇ ಸಲ ಇವನೆದುರು ನಿಲ್ಲಲು ಯಾರೂ ಸಿಗದೆ ಶವಪೆಟ್ಟಿಗೆ ಮಾರುವವನೊಬ್ಬನನ್ನು ಕಾಡಿ ಬೇಡಿ ನಿಲ್ಲಿಸಿದರು. ಆತ ಪ್ರಚಾರಕ್ಕೆ ಹೋದ ಮನೆಯಲ್ಲೆಲ್ಲ ಮುದುಕರನ್ನು ಕಣ್ಣಲ್ಲೇ ಅಳೆದು ತನ್ನ ವ್ಯಾಪಾರ ಕುದುರಿಸಿಕೊಂಡು ಬಂದ. ಹದಿನೆಂಟು ವರ್ಷ ಥರ್ಮನ್ ಮಾಡಿದ ಭಾಷಣಗಳನ್ನು ಒಂದರ ಹಿಂದೊಂದು ಹಾಸಿದ್ದರೆ ಸಮುದ್ರ ಮುಟ್ಟಿ ಆಚೆ ದಡ ಹತ್ತುತ್ತಿದ್ದವು. ಕಾನೂನಾದದ್ದು ಮಾತ್ರ ಎರಡೋ ಮೂರೋ. ಅದರಲ್ಲೂ ಒಂದು ಕೋಳಿಗೊಬ್ಬರದ್ದು.

ಮಂಗಳವಾರದ ಚುನಾವಣೆಯಲ್ಲಿ ಸೋತವನಿಗೆ ನಿಜವಾದ ಸೋಲು ಕಾದಿರುವುದು ಗುರುವಾರ. ಆ ದಿನ ನಮ್ಮ ಜಾರ್ಜ್‌ಟೌನಿನಲ್ಲಿ ರಿಟರ್ನ್ ಡೇ. ಗೆದ್ದವರೂ ಸೋತವರೂ ಒಂದೇ ಸಾರೋಟಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತು ಊರು ಸುತ್ತಬೇಕು. ಗೆದ್ದವರ ಮುಖ ಮುಂದಕ್ಕೆ, ಸೋತವರ ಮುಖ ಹಿಂದಕ್ಕೆ. ಮೆರವಣಿಗೆ ಮುಗಿದ ಮೇಲೆ ಎರಡೂ ಪಕ್ಷದ ಹಿರಿಯರು ಒಂದೇ ಕೊಡಲಿ ಹಿಡಿದು, ಹಗೆ ಮುಗಿಯಿತು ಅನ್ನುವುದರ ಗುರುತಾಗಿ, ಅದನ್ನು ಮರಳಿನಲ್ಲಿ ಹೂಳುತ್ತಾರೆ. ಜನ ಸುಟ್ಟ ಎತ್ತಿನ ಮಾಂಸವನ್ನು ಬ್ರೆಡ್ಡಿನಲ್ಲಿಟ್ಟುಕೊಂಡು ತಿಂದು ಮನೆಗೆ ಹೋಗುತ್ತಾರೆ. ಒಂಬತ್ತು ಸಲ ಥರ್ಮನ್ ಮುಂದಕ್ಕೆ ಮುಖ ಮಾಡಿ, ಎದುರು ಕೂತವನ ತಲೆಯ ಮೇಲಿಂದ ಜನರಿಗೆ ಕೈ ಬೀಸಿದ್ದ.

ಆ ಗುರುವಾರ ಬೆಳಗ್ಗೆ ಹೆಂಡತಿ ನೆಟ್ಟಿ ಹಂದಿಮಾಂಸದ ಸ್ಕ್ರ್ಯಾಪಲ್ ಹುರಿಯುತ್ತಿದ್ದಳು. ಹದಿನೆಂಟು ವರ್ಷ ಥರ್ಮನ್ನನ ಚುನಾವಣೆ ನಡೆಸಿದ ಬಡ್ ಲಿಂಗೋ ಬಾಗಿಲು ತಟ್ಟದೆಯೇ ಒಳಗೆ ಬಂದ.

"ಏನ್ ಮಾಜಿ ಸಾಹೇಬ್ರೇ, ಕಾಫಿ ಇದ್ಯೋ, ಅದನ್ನೂ ಗೆದ್ದ ಲೂಸಿಂಡಾಗೆ ಬಿಟ್ಟುಕೊಟ್ರೋ?"

"ಕೂತ್ಕೋ, ಬಾಯಿ ಮುಚ್ಕೊಂಡು ಕುಡಿ," ಎಂದ ಥರ್ಮನ್.

"ಕೂತ್ಕೋತೀನಿ. ಬಾಯಿ ಮುಚ್ಚೋದು ಕಷ್ಟ. ನಿನ್ನ ಸಾರೋಟು ಹೊಡಿಯೋನು ಯಾರು ಗೊತ್ತಾ? ಎಮರಿ ಡ್ಯೂಕ್ಸ್."

ಬಾಯಿಗೆ ಹೋಗುತ್ತಿದ್ದ ತುಂಡು ಥರ್ಮನ್ನನ ಗಡ್ಡದ ಹತ್ತಿರವೇ ನಿಂತಿತು. "ಚೀಟಿ ಎತ್ತಿ ಹಂಚಿದ್ರಾ?"

"ಎಲ್ಲಿ ಚೀಟಿ! ತಾನಾಗೇ ಹೋಗಿ, 'ವಿಂಗೇಟ್ ಸಾರೋಟು ನಂಗಿರ್ಲಿ' ಅಂದ್ನಂತೆ. ಹದಿನಾಲ್ಕು ವರ್ಷದಲ್ಲಿ ಅವನು ಆಡಿರೋದು ಅದೊಂದೇ ಮಾತು ಅನ್ಸುತ್ತೆ ನಂಗೆ. ಯಾಕಪ್ಪಾ, ಮುಖ ಯಾಕೆ ಹಿಂಗಾಯ್ತು?"

ಮುಖ ಹಾಗಾಗಲು ಕಾರಣವಿತ್ತು. ಎಮರಿ ಡ್ಯೂಕ್ಸ್ ಅಂದರೆ ಥರ್ಮನ್ನನ ಮೂರನೇ ಚುನಾವಣೆಯ ಎದುರಾಳಿ. ಆಗ ಅವನದೊಂದು ಫೀಡ್ ಮಿಲ್ಲಿತ್ತು. ಕೌಂಟಿಯ ಅರ್ಧ ಕೋಳಿಗಳು ಅವನ ಫೀಡು ತಿಂದೇ ಕೊಬ್ಬುತ್ತಿದ್ದವು. ಅವನು ಗೆಲ್ಲುತ್ತಾನೆ ಅಂತ ಗಾಳಿಗಿರಣಿಯ ರೆಕ್ಕೆ ಕೂಡ ಹೇಳುತ್ತಿತ್ತು. ಚುನಾವಣೆಗೆ ವಾರವಿದ್ದಾಗ ಥರ್ಮನ್ ಹೋಟೆಲಿನ ಕಟ್ಟೆಗೆ ಮೊಣಕೈ ಊರಿ, ಪಕ್ಕದಲ್ಲಿದ್ದ ಇಬ್ಬರು ಮುದುಕರಿಗೆ ಇಷ್ಟೇ ಹೇಳಿದ: "ಎಮರಿ ಫೀಡಿನ ಬಗ್ಗೆ ನಾನೇನೂ ಅನ್ನಲ್ಲಪ್ಪ. ಒಳ್ಳೆ ಮನುಷ್ಯ. ನನ್ನ ಕೋಳಿಗೆ ಮಾತ್ರ ಬೇರೆ ಕಡೆಯಿಂದ ತರಿಸ್ತಿದೀನಿ, ಅಷ್ಟೆ."

ಅಷ್ಟೆ. ಸಂಜೆಯೊಳಗೆ ಎಮರಿಯ ಫೀಡು ತಿಂದು ನೂರು ಕೋಳಿ ಸತ್ತವು. ಮರುದಿನಕ್ಕೆ ಸಾವಿರವಾದವು. ಭಾನುವಾರದ ಹೊತ್ತಿಗೆ ಸತ್ತ ಕೋಳಿಗಳ ಸಂಖ್ಯೆ ಇಡೀ ಅಮೆರಿಕದಲ್ಲಿ ಬದುಕಿದ್ದ ಕೋಳಿಗಳನ್ನು ಮೀರಿತು. ನಿಜವಾಗಿ ಒಂದು ಮರಿಯೂ ಸತ್ತಿರಲಿಲ್ಲ. ಥರ್ಮನ್ ಫೀಡು ಬದಲಾಯಿಸಿರಲೂ ಇಲ್ಲ. ಎಮರಿ ಸೋತ. ಚಳಿಗಾಲ ಮುಗಿಯುವುದರೊಳಗೆ ಮಿಲ್ಲಿಗೆ ಬೀಗ ಬಿತ್ತು. ಅಲ್ಲಿಂದ ಮುಂದೆ ಆತ ಕುದುರೆಗಳಿಗೆ ಲಾಳ ಹೊಡೆದುಕೊಂಡು, ಕುದುರೆಗಳ ಜೊತೆಯಷ್ಟೇ ಮಾತಾಡಿಕೊಂಡು ಬದುಕಿದ. ಆ ಇಬ್ಬರು ಮುದುಕರು ಯಾವತ್ತೋ ಸತ್ತು ಸ್ವರ್ಗದಲ್ಲೂ ಅದೇ ಸುದ್ದಿ ಹಬ್ಬಿಸುತ್ತಿರಬೇಕು. ಇಲ್ಲಿ ಮಾತ್ರ ಆ ಗುಟ್ಟು ಥರ್ಮನ್ ಒಬ್ಬನಿಗೇ ಗೊತ್ತಿತ್ತು. ಹಾಗಂತ ಅವನು ಈ ಬೆಳಗಿನವರೆಗೆ ನಂಬಿದ್ದ.

ಎಮರಿಗೆ ಗೊತ್ತಾಗಿಬಿಟ್ಟಿದೆ. ಇಲ್ಲದಿದ್ದರೆ ಇದೇ ಸಾರೋಟು ಬೇಕೆಂದು ಕೇಳುತ್ತಿದ್ದನೇ? ಬೆನ್ನು ತಿರುಗಿಸಿ ಕೂತವನ ಕತ್ತು ಸಾರೋಟು ಹೊಡೆಯುವವನ ಸೊಂಟಕ್ಕೆ ಒಂದು ಗೇಣು ದೂರ. ಕೂತವನಿಗೆ ಕಾಣುವುದಿಲ್ಲ. ಹೊಡೆಯುವವನ ಕೈಯಲ್ಲಿ ಚಾಟಿ.

"ನೆಟ್ಟಿ, ನಂಗೆ ಜ್ವರ ಬಂದಂಗಿದೆ."

ನೆಟ್ಟಿ ಹಣೆ ಮುಟ್ಟಿ ನೋಡಿದಳು. "ಜ್ವರ ಅಲ್ಲ ಇದು, ನಾಚಿಕೆ. ಎದ್ದೇಳು."

"ಒಂದು ಸಲ ಹೋಗದೆ ಇದ್ರೆ ಏನಾಗುತ್ತೆ?"

"ಓಟು ಸೋತೋನನ್ನ ಜನ ಮರೀತಾರೆ ಥರ್ಮನ್. ಸಾರೋಟು ಹತ್ತದೆ ಓಡಿಹೋದೋನನ್ನ ಅವನ ಮೊಮ್ಮಕ್ಕಳ ಮದುವೇಲೂ ಆಡ್ಕೋತಾರೆ. ಕೋಟು ಇಸ್ತ್ರಿ ಮಾಡಿಟ್ಟಿದೀನಿ, ಹಾಕ್ಕೋ."

ಅಲ್ಲಿಗೆ ಮಾತು ಮುಗಿಯಿತು. ಡೋವರಿನಲ್ಲಿ ರಾಜ್ಯಪಾಲನಿಗೇ ಎದುರು ಮಾತಾಡಿದವನು ಅಡುಗೆಮನೆಯಲ್ಲಿ ಸೋತದ್ದು ಅದೇ ಮೊದಲಲ್ಲ.

ಸಾರೋಟುಗಳು ಸಾಲಾಗಿ ನಿಂತಿದ್ದವು. ಲೂಸಿಂಡಾ ರಸ್ಟ್ ಆಗಲೇ ಹತ್ತಿ ಕೂತಿದ್ದಳು. ಆಕೆ ಶಾಲೆಯ ಬಸ್ಸು ಓಡಿಸುವವಳು; ತನ್ನ ಬಸ್ಸಿನಲ್ಲಿ ಬೆಳೆದ ಮಕ್ಕಳೆಲ್ಲ ಓಟಿನ ವಯಸ್ಸಿಗೆ ಬರುವವರೆಗೆ ಕಾದು ಚುನಾವಣೆಗೆ ನಿಂತಿದ್ದಳು. ಮುಂದಿನ ಎತ್ತರದ ಸೀಟಿನಲ್ಲಿ ಎಮರಿ. ಕುದುರೆಗಳು ಆನೆಮರಿಗಳ ಹಾಗಿದ್ದವು, ಅವನು ಅವುಗಳ ಅಪ್ಪನ ಹಾಗಿದ್ದ. ಲಾಳ ಬಡಿದು ಬಡಿದು ಅವನ ಅಂಗೈ ಸನಿಕೆಯಷ್ಟು ಅಗಲವಾಗಿತ್ತು. ಆ ಅಂಗೈ ಚಾಟಿಯ ಹಿಡಿಯ ಮೇಲೆ ಸುಮ್ಮನೆ ಬಿದ್ದಿತ್ತು.

"ಹತ್ತು," ಎಂದ ಎಮರಿ.

ಥರ್ಮನ್ ಹತ್ತಿದ. ಬೆನ್ನು ತಿರುಗಿಸಿ ಕೂತ. ಕತ್ತಿನ ಹಿಂದಿನ ಕೂದಲು ಒಂದೊಂದೂ ಎದ್ದು ನಿಂತು ಎಮರಿಯನ್ನೇ ನೋಡತೊಡಗಿದವು.

ವಾದ್ಯದವರು ಶುರು ಮಾಡಿದರು, ಸಾರೋಟು ಜಗ್ಗಿತು. ಲೂಸಿಂಡಾ ಎರಡೂ ಕೈ ಬೀಸುತ್ತ ನಗುತ್ತಿದ್ದಳು. "ಥರ್ಮನ್, ನೀವೂ ಸ್ವಲ್ಪ ಬೀಸ್ರೀ. ಹೆಣ ಸಾಗಿಸ್ದಂಗಿದೆ ನೋಡೋರಿಗೆ."

ಥರ್ಮನ್ ಕೈ ಎತ್ತಿದ. ಅಷ್ಟರಲ್ಲಿ ಕಿವಿಯ ಪಕ್ಕವೇ ಚಾಟಿ ಛಟ್ ಅಂದಿತು. ಕೈ ತಾನಾಗಿ ಕತ್ತಿಗೆ ಹೋಯಿತು.

"ಕುದುರೆಗೆ ಕಣ್ರೀ ಅದು," ಎಂದು ಲೂಸಿಂಡಾ ನಕ್ಕಳು.

ಕುದುರೆಗೇ ಇರಬಹುದು. ಆದರೆ ಕುದುರೆಗಳಿದ್ದದ್ದು ಆ ಕಡೆ, ಸದ್ದು ಬಂದದ್ದು ಈ ಕಡೆ. ಥರ್ಮನ್ ಕತ್ತನ್ನು ಎಷ್ಟು ಒಳಗೆಳೆದುಕೊಂಡನೆಂದರೆ ಟೋಪಿ ಭುಜದ ಮೇಲೆ ಕೂತಂತಿತ್ತು. ಹಿಂದಿನಿಂದ ಮೇಲಿನ ಸೀಟು ಕಿರ್ ಅನ್ನುವುದು, ಎಮರಿ ದೀರ್ಘವಾಗಿ ಉಸಿರೆಳೆಯುವುದು, ಬೂಟಿನ ಹಿಮ್ಮಡಿ ಹಲಗೆಗೆ ಒತ್ತುವುದು, ಎಲ್ಲ ಕೇಳುತ್ತಿತ್ತು. ಕಾಣುತ್ತಿದ್ದದ್ದು ಲೂಸಿಂಡಾಳ ಮುಖ ಒಂದೇ. ಅವಳ ಕಣ್ಣು ಅವನ ತಲೆಯ ಮೇಲೆ ಹೋದಾಗಲೆಲ್ಲ, ಅಲ್ಲಿ ಏನು ಕಂಡಿತೋ ಎಂದು ಥರ್ಮನ್ನನ ಎದೆ ಅವನ ಟೈ ಕುಣಿಸುವಷ್ಟು ಜೋರಾಗಿ ಬಡಿಯುತ್ತಿತ್ತು.

"ಥರ್ಮನ್," ಎಂದಿತು ದನಿ, ನೇರ ನೆತ್ತಿಯ ಮೇಲಿಂದ.

"ಹಾಂ?"

"ನಿನ್ನ ಹತ್ರ ಒಂದು ಮಾತಾಡೋದಿತ್ತು. ಈಗ ಬೇಡ. ಆ ವೃತ್ತ ಬರ್ಲಿ."

ನ್ಯಾಯಾಲಯದ ಎದುರಿನ ವೃತ್ತವೆಂದರೆ ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತು ನೋಡುವ ಜಾಗ. ಇಡೀ ಕೌಂಟಿ ಅಲ್ಲಿರುತ್ತದೆ. ಅಲ್ಲೇ ಆಗಬೇಕು ಅಂತ ಹಟ ಇವನಿಗೆ! ಎಲ್ಲರೆದುರೇ! ಥರ್ಮನ್ ಬಲಕ್ಕೆ ನೋಡಿದ. ಹಾರಿದರೆ ಚಕ್ರದ ಬಾಯಿಗೆ. ಎಡಕ್ಕೆ ನೋಡಿದ, ನೆಟ್ಟಿ ಪಾದಚಾರಿ ದಾರಿಯಲ್ಲಿ ಜೊತೆಜೊತೆಗೇ ನಡೆದು ಬರುತ್ತ, ನೆಟ್ಟಗೆ ಕೂರು ಎಂದು ಸನ್ನೆ ಮಾಡುತ್ತಿದ್ದಳು. ಒಂಬತ್ತು ಚುನಾವಣೆಯಲ್ಲಿ ಬಾರದ ಬೆವರು ನವೆಂಬರಿನ ಚಳಿಯಲ್ಲಿ ಧಾರೆ ಕಟ್ಟಿ ಇಳಿಯಿತು. ಇನ್ನೂ ಸ್ವಲ್ಪ ಹೊತ್ತು ಇಳಿದಿದ್ದರೆ ಸಾರೋಟು ತೇಲಿಕೊಂಡು ಹೋಗುತ್ತಿತ್ತು.

ಇಟ್ಟಿಗೆ ಹಾಸಿನ ಮೇಲೆ ಲಾಳದ ಸದ್ದು ಬದಲಾಯಿತು. ವೃತ್ತ ಬಂತು. ಎಮರಿ ಲಗಾಮೆಳೆದು ಕುದುರೆಗಳನ್ನು ನಿಧಾನ ಮಾಡಿದ. ಮೇಲಿನ ಸೀಟು ಕಿರ್ ಎಂದಿತು. ಆತ ಹಿಂದಕ್ಕೆ ಬಾಗಿದ್ದ. ಉಸಿರು ಥರ್ಮನ್ನನ ಕಿವಿಗೆ ತಾಗಿತು.

"ಹದಿನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ..."

"ನಾನೇ!" ಎಂದು ಥರ್ಮನ್ ಕಿರುಚಿದ. "ನಾನೇ ಹೇಳಿದ್ದು ಎಮರಿ! ನಿನ್ನ ಫೀಡು ಚೆನ್ನಾಗೇ ಇತ್ತು. ನಾನು ಬದಲಾಯಿಸಿರ್ಲೇ ಇಲ್ಲ. ಗೆಲ್ಲೋದಕ್ಕೆ ಹಂಗಂದೆ. ಹೊಡೀಬೇಡ ಮಾರಾಯ, ಹೊಡೀಬೇಡ!"

ವಾದ್ಯದವರಿಗೆ ಹದಿನೆಂಟು ವರ್ಷದಲ್ಲಿ ಯಾವತ್ತೂ ಸರಿಯಾದ ಹೊತ್ತಿಗೆ ನಿಲ್ಲಿಸಿ ಗೊತ್ತಿರಲಿಲ್ಲ. ಅವತ್ತು ಆ ಗಳಿಗೆಗೆ ಸರಿಯಾಗಿ ನಿಲ್ಲಿಸಿದ್ದರು. ಡೋವರಿನಲ್ಲಿ ಮೈಕು ಹಿಡಿದು ಆಡಿದ ಯಾವ ಮಾತೂ ಅಷ್ಟು ಸ್ಪಷ್ಟವಾಗಿ ಅಷ್ಟು ಜನಕ್ಕೆ ಕೇಳಿಸಿರಲಿಲ್ಲ.

"ಏನಂದೆ?" ಎಂದ ಎಮರಿ.

ಆ ದನಿ ಕೇಳಿದ ಕೂಡಲೇ ಥರ್ಮನ್ನನಿಗೆ ಅರ್ಥವಾಯಿತು, ಇವನಿಗೆ ಗೊತ್ತಿರಲಿಲ್ಲ.

"ನಂಗೆ ಪೈಪೋಟಿಗಿದ್ದ ಸೀಫೋರ್ಡಿನ ಮಿಲ್ಲಿನವ್ರು ಹಬ್ಬಿಸಿದ್ದು ಅಂದ್ಕೊಂಡಿದ್ದೆ," ಎಮರಿ ತನ್ನಷ್ಟಕ್ಕೇ ಹೇಳಿಕೊಳ್ಳುವವನಂತೆ ಮೆಲ್ಲಗೆ ಅಂದ. "ಅವತ್ತು ನನ್ನ ಸಾರೋಟು ಹೊಡೆದೋನು ದಾರಿಯುದ್ದಕ್ಕೂ ಸಾಯೋ ಕೋಳಿ ಥರ ಕೂಗಿ ಕೂಗಿ ಜನರನ್ನ ನಗಿಸ್ದ. ನಿಂಗೆ ಆ ಗತಿ ಬರಬಾರ್ದು ಅಂತ ನಾನಾಗೇ ಹೋಗಿ ಕೇಳ್ಕೊಂಡೆ. ಈ ವೃತ್ತ ಒಂದು ದಾಟೋ ತನಕ ಕಣ್ಣು ಮುಚ್ಕೊಂಡ್ಬಿಡು, ಸುಲಭ ಆಗುತ್ತೆ ಅಂತ ಹೇಳೋಣ ಅಂತಿದ್ದೆ."

 

ಕುದುರೆಗಳು ನಿಂತವು. ಬೀಸುತ್ತಿದ್ದ ಲೂಸಿಂಡಾಳ ಕೈ ಗಾಳಿಯಲ್ಲೇ ನಿಂತಿತು. ಅವಳ ಕಣ್ಣು ಥರ್ಮನ್ನನ ತಲೆಯ ಮೇಲೆ ಏರಿತು, ಇನ್ನೂ ಏರಿತು. ಸಾರೋಟು ಒಂದು ಕಡೆಗೆ ವಾಲಿತು. ಎಮರಿ ಎದ್ದು ನಿಂತಿದ್ದ. ಥರ್ಮನ್ ಕಣ್ಣು ಬಿಗಿಯಾಗಿ ಮುಚ್ಚಿ, ಕತ್ತು ಬಗ್ಗಿಸಿ, ಏಟಿಗೆ ಕಾದ. ಎಷ್ಟು ಹೊತ್ತು ಕಾದನೆಂದರೆ ಅಷ್ಟರಲ್ಲಿ ಇನ್ನೊಂದು ಚುನಾವಣೆ ಮುಗಿಸಬಹುದಿತ್ತು.

ಏಟು ಬೀಳಲಿಲ್ಲ. ತೊಡೆಯ ಮೇಲೆ ಏನೋ ಬಿತ್ತು. ಕಣ್ಣು ತೆರೆದರೆ ಚಾಟಿ. ಸಾರೋಟು ಹಗುರವಾಗಿ ಮೇಲೆದ್ದಿತು. ಎಮರಿ ಕೆಳಗಿಳಿದು, ಚಕ್ರದ ಪಕ್ಕದಿಂದ ಬಂದು, ಥರ್ಮನ್ನನ ಎದುರಿನಿಂದಲೇ ಹಿಂದಿನ ಸಾರೋಟುಗಳ ಸಾಲು ದಾಟಿ ನಡೆದುಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದಿನ ಸಾರೋಟಿನ ಮುದುಕ ಸಾರಥಿ ಟೋಪಿ ತೆಗೆದು ಅವನಿಗೆ ದಾರಿ ಬಿಟ್ಟ.

"ಈ ಕುದುರೆ ಹಿಡ್ಕೊಳ್ರಪ್ಪಾ ಯಾರಾದ್ರೂ!" ಎಂದು ಕೂಗುತ್ತ ಮೆರವಣಿಗೆಯ ಉಸ್ತುವಾರಿಯವನು ಓಡಿಬಂದು ಬಾಯಿಹಗ್ಗ ಹಿಡಿದು ನಡೆಸಿದ. ಸಾರೋಟು ಮತ್ತೆ ಹೊರಟಿತು.

ಹಿಂದಕ್ಕೆ ಮುಖ ಮಾಡಿ ಕೂತ ಥರ್ಮನ್ನನಿಗೆ ಎಲ್ಲ ಕಾಣುತ್ತಿತ್ತು. ಹಸಿರು ಕೋಟಿನ ಹೆಂಗಸೊಬ್ಬಳು ಪಕ್ಕದವಳ ಕಿವಿಗೆ ಬಾಗಿದಳು. ಪಕ್ಕದವಳು ಬಾಯಿಗೆ ಕೈ ಇಟ್ಟುಕೊಂಡು ಇನ್ನೊಬ್ಬನ ಕಡೆ ತಿರುಗಿದಳು. ಅವನು ಹೆಗಲ ಮೇಲಿದ್ದ ಮಗುವನ್ನು ಕೆಳಗಿಳಿಸಿ ಮೂವರಿಗೆ ಹೇಳಿದ. ಬಡ್ ಲಿಂಗೋ ಬ್ರೆಡ್ಡು ಅಗಿಯುತ್ತ ಕೇಳಿದವನು ಅಗಿಯುವುದನ್ನೇ ನಿಲ್ಲಿಸಿದ. ನೆಟ್ಟಿ ನಡೆಯುವುದನ್ನು ನಿಲ್ಲಿಸಿದ್ದಳು. ಸಾರೋಟು ಮುಂದೆ ಹೋದಂತೆ ಅವಳು ನಿಂತಲ್ಲೇ ಚಿಕ್ಕದಾಗುತ್ತ ಹೋದಳು. ಮಾತು ಎರಡೂ ಬದಿಯ ಸಾಲಿನಲ್ಲಿ ಬಾಯಿಯಿಂದ ಕಿವಿಗೆ ಹಾರುತ್ತ ಬಂದು ಸಾರೋಟಿನ ಸಮಕ್ಕೆ ಬಂತು, ಒಂದು ಗಳಿಗೆ ಚಕ್ರದ ಜೊತೆಜೊತೆಗೇ ಓಡಿತು, ಆಮೇಲೆ ಅವನನ್ನು ದಾಟಿ ಅವನ ಬೆನ್ನ ಹಿಂದೆ, ಅವನಿಗೆ ಕಾಣದ ಕಡೆಗೆ, ಇನ್ನೂ ಹಾದುಹೋಗಬೇಕಿದ್ದ ಬೀದಿಗಳಿಗೆ ನುಗ್ಗಿತು.

ಬೆನ್ನ ಹಿಂದೆ ಚಪ್ಪಾಳೆ ನಿಂತಿತು.

"ಲೂಸಿಂಡಾ," ಎಂದ ಥರ್ಮನ್, ಒಣಗಿದ ದನಿಯಲ್ಲಿ. "ಮುಂದೆ ಏನಾಗ್ತಿದೆ?"

ಲೂಸಿಂಡಾ ಅವನ ಹೆಗಲ ಮೇಲಿಂದ ಮುಂದಿನ ಬೀದಿಯನ್ನೇ ನೋಡುತ್ತಿದ್ದಳು. ಅವನ ಮೊಣಕಾಲಿಗೆ ತಾಗುತ್ತಿದ್ದ ತನ್ನ ಮೊಣಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.