ಒಂದೇ ಕೆನ್ನೆಯ ಕ್ಷೌರ

ಬೀದಿಗೆ ಹೊಸಬರು ಬಂದರೆ, ಅವರ ಸಾಮಾನು ಇಳಿಯುವ ಮೊದಲೇ ಅವರ ಮೇಲಿನ ಗುಮಾನಿ ಬಂದು ಇಳಿದಿರುತ್ತದೆ. ಆ ಬೀದಿಯಲ್ಲಿ ಅದು ಇಳಿದದ್ದು ಕ್ಷೌರದಂಗಡಿಯಲ್ಲಿ. ಪಕ್ಕದ ಮಳಿಗೆಗೆ ಬಂದ ಟೈಲರ್‌ನ ಭಾಷೆ ಬೇರೆ, ದೇವರು ಬೇರೆ. ಇನ್ನೇನು ಬೇಕು? ಕ್ಷೌರಿಕ ಮೂಗಿನಲ್ಲೇ ರಾಗ ಎಳೆಯುತ್ತ, ಬಾತುಕೋಳಿಯಂತೆ ಹೆಜ್ಜೆ ಹಾಕುತ್ತ ಅವನನ್ನು ಅಣಕಿಸುತ್ತಿದ್ದ. ಗಿರಾಕಿಗಳ ನಗು ನಿಲ್ಲುವವರೆಗೆ ಕತ್ತಿ ಎತ್ತಿ ಹಿಡಿದು ಕಾಯಬೇಕಾಗುತ್ತಿತ್ತು.

ಒಂದು ಸಂಜೆ ಶಾಲೆಯಿಂದ ಬಂದ ಅವನ ಮಗಳು ಮಾತ್ರ ನಗಲಿಲ್ಲ. ಕ್ಷೌರಿಕ ಇನ್ನಷ್ಟು ಬಾಗಿ ನಡೆದ. ಕೊನೆಗೆ ಟೈಲರ್ ಸೀನುವುದನ್ನೂ ಮಾಡಿ ತೋರಿಸಿದ. ಊಹೂಂ.

“ಯಾಕೆ ಮಗಳೇ, ಹೊಟ್ಟೆನೋವಾ?”

“ಅಲ್ಲಪ್ಪ. ಇವತ್ತು ಟೀಚರ್ ವಿಡಿಯೋದಲ್ಲಿ ಒಬ್ಬ ಅಜ್ಜಿಯ ಮಾತು ಕೇಳಿಸಿದ್ರು. ನಾಜಿಗಳು ಯಹೂದಿಗಳನ್ನ ಲಕ್ಷಗಟ್ಟಲೆ ಕೊಂದ್ರಲ್ಲ, ಅದರಲ್ಲಿ ಬದುಕಿ ಉಳಿದ ಅಜ್ಜಿ.”

“ಪಾಪ. ಆದ್ರೆ ಯಾವ ದೇಶ, ಯಾವ ಕಾಲ. ನಮಗ್ಯಾಕೆ ಅದು? ನನ್ನ ಕೈಲಿರೋದು ಕತ್ತರಿ, ಬಂದೂಕಲ್ಲ.”

“ಅಜ್ಜಿನೂ ತಮ್ಮ ಕತೆನ ಬಂದೂಕಿಂದ ಶುರು ಮಾಡ್ಲಿಲ್ಲಪ್ಪ. ಪಕ್ಕದ ಬೇಕರಿಯವನಿಂದ ಶುರು ಮಾಡಿದ್ರು. ಅಜ್ಜಿಯ ಅಪ್ಪ ನಡೆಯೋ ಹಾಗೆ ಅವನು ನಡೆದು ತೋರಿಸ್ತಿದ್ನಂತೆ, ಎಲ್ರೂ ನಗ್ತಿದ್ರಂತೆ. ಆಮೇಲೆ ಅಜ್ಜಿಯ ಅಪ್ಪನ ಅಂಗಡಿಗೆ ಜನ ಬರೋದು ನಿಂತ್ಹೋಯ್ತು. ಆಮೇಲೆ ಒಂದಿನ ಮನೆಯವರನ್ನೆಲ್ಲ ಎಳ್ಕೊಂಡು ಹೋದ್ರು. ಬೇಕರಿಯವನು ಬಾಗಿಲಲ್ಲೇ ನಿಂತಿದ್ನಂತೆ. ಒಳ್ಳೆ ಮನುಷ್ಯ ಅಂದ್ರು ಅಜ್ಜಿ. ಬಾಯಿ ಮಾತ್ರ ಬಿಡಲಿಲ್ಲವಂತೆ.”

“ನಾನೂ ಒಳ್ಳೆಯವನೇ” ಎಂದ ಕ್ಷೌರಿಕ. ಅಂದ ಮೇಲೆ ಯಾಕೋ ಆ ಮಾತು ಅವನಿಗೇ ರುಚಿಸಲಿಲ್ಲ.

ಮರುದಿನ ಆ ಸಾಲಿನ ಮಳಿಗೆಗಳಿಗೆಲ್ಲ ಒಬ್ಬರೇ ಆಗಿದ್ದ ಮಾಲೀಕರು ಗಡ್ಡ ಬೋಳಿಸಿಕೊಳ್ಳಲು ಬಂದರು. ಒಂದು ಕೆನ್ನೆ ಮುಗಿದಿತ್ತು.

“ಆ ಟೈಲರ್‌ಗೆ ಮಳಿಗೆ ಖಾಲಿ ಮಾಡು ಅನ್ನೋಣ ಅಂತಿದ್ದೀನಿ ಕಣಯ್ಯ. ಅಂಥವರು ನಮ್ಮ ಜೊತೆ ಹೊಂದಲ್ಲ.”

“ಅವನೇನು ಮಾಡಿದ, ಯಜಮಾನ್ರೇ?”

“ಏನು ಮಾಡಿದ ಅಂತ ನೀನೇ ದಿನಾ ಮಾಡಿ ತೋರಿಸ್ತೀಯಲ್ಲ.”

ಸರದಿಗಾಗಿ ಬೆಂಚಿನಲ್ಲಿ ಕೂತವರು ನಗಲು ಬಾಯಿ ತೆರೆದು ಕಾದರು. ಕ್ಷೌರಿಕ ಕತ್ತಿ ಕೆಳಗಿಟ್ಟ. ಅವನ ಅಂಗಡಿಯೂ ಈ ಮಾಲೀಕರದೇ.

“ಅದು ನಾನು ಮಾಡಿದ್ದು, ಅವನಲ್ಲ. ತಪ್ಪು ನಂದು. ಅವನನ್ನ ಕಳಿಸಿದ್ರೆ ನಾನೂ ಬೀಗ ಹಾಕ್ತೀನಿ.”

“ಏನಯ್ಯ, ಹೆದರಿಸ್ತೀಯಾ?”

“ಇಲ್ಲ ಯಜಮಾನ್ರೇ. ಹೆದರ್ಕೊಂಡೇ ಹೇಳ್ತಿದ್ದೀನಿ.”

ಬೆಂಚಿನ ತುದಿಯಿಂದ ನಿವೃತ್ತ ಪೋಸ್ಟ್‌ಮನ್ ಕೆಮ್ಮಿದರು. “ಇರಲಿ ಬಿಡಿ, ಅವನು ಯಾರ ಗಂಟು ತಿಂದಿದ್ದಾನೆ?” ಇನ್ನೊಬ್ಬ ಹೌದೆಂದ. ನಿನ್ನೆ ಹೊಟ್ಟೆ ಹಿಡಿದು ನಕ್ಕವನು, “ನಾನೂ ಅದನ್ನೇ ಅನ್ನೋಣ ಅಂತಿದ್ದೆ” ಎಂದ.

ಮಾಲೀಕರು ಕನ್ನಡಿ ನೋಡಿಕೊಂಡರು. ಅರ್ಧ ಮುಖಕ್ಕೆ ಇನ್ನೂ ನೊರೆ. “ಸರಿ, ಇರಲಿ ಅವನು. ಈ ಕಡೆನೂ ಮುಗಿಸು ಮಾರಾಯ, ಹೀಗೇ ಹೋದ್ರೆ ಮನೇಲಿ ಸೇರಿಸಲ್ಲ.”

ಓದುಗರೇ, ನಿಮ್ಮ ಮಗು ಶಾಲೆಯಲ್ಲಿ ಇಂಥ ಅಜ್ಜಿಯ ಮಾತು ಕೇಳಿ ಬಂದರೆ “ನಮಗ್ಯಾಕೆ” ಎನ್ನಬೇಡಿ, ಕೂತು ಪೂರ್ತಿ ಕೇಳಿ. ನಿಮ್ಮ ಶಾಲೆಯಲ್ಲಿ ಇನ್ನೂ ಕೇಳಿಸಿಲ್ಲವಾದರೆ, ಕೇಳಿಸಿ ಎಂದು ಟೀಚರ್‌ಗೆ ಹೇಳಿ. ಪಕ್ಕದವರನ್ನು ಹೀಗಳೆಯುವ ನಗು ಎದ್ದಾಗ ನಿಮ್ಮ ಬಾಯಿಂದ “ಸಾಕು” ಬರಲಿ. ದನಿ ನಡುಗಿದರೂ ಅಡ್ಡಿಯಿಲ್ಲ, ಕೇಳಿಸುವಷ್ಟಿದ್ದರೆ ಆಯಿತು.