ಗುಂಡಿ ನಮ್ಮದು

ಮಗ್ಗದ ಕಾಲುಮೆಟ್ಟು ಕಿರುಗುಟ್ಟಿದ್ದು ಕೇಳಿ ಎಚ್ಚರವಾಯಿತು. ಊರು ಮಲಗಿ ಬಹಳ ಹೊತ್ತಾಗಿತ್ತು. ಗದ್ವಾಲದ ನಮ್ಮ ಓಣಿಯಲ್ಲಿ ಹಗಲಿನಲ್ಲೇ ಮಗ್ಗದ ಸದ್ದು ನಿಂತು ವಾರವಾಗಿದೆ. ಈ ಹೊತ್ತಿನಲ್ಲಿ ಯಾರು?

ಹೋದ ವಾರ, ನಮಗೆ ಮಗ್ಗ ನೂಲು ಕೊಡುವ ಸಾಹುಕಾರ ಭಾನುಪ್ರಕಾಶ ಸೀರೆಯ ಅಂಚಿಗೆ ರೇಷ್ಮೆಯೆಂದು ಕಳಿಸಿದ ಎಳೆಯನ್ನು, ಓಣಿಯ ಹೆಂಗಸರ ಮುಂದಾಳು ತಿರುಪತಮ್ಮ ಬೆಂಕಿಗೆ ಹಿಡಿದಿದ್ದಳು. ನಿಜ ರೇಷ್ಮೆಗೆ ಬರುವ ಕೂದಲು ಸುಟ್ಟ ವಾಸನೆ ಬರಲಿಲ್ಲ; ಎಳೆ ಕರಗಿ ಗಂಟಾಯಿತು. ಪಾಲಿಯೆಸ್ಟರ್. ನೇಯುವುದು ನಿಮ್ಮ ಕೆಲಸ, ರೇಷ್ಮೆಯೆಂದು ಮಾರುವುದು ನನ್ನ ಕೆಲಸ ಎಂದ ಸಾಹುಕಾರ. ಅವತ್ತೇ ತಿರುಪತಮ್ಮ ಕಟ್ಟೆ ಹತ್ತಿ ನಿಂತಳು. "ಈ ನೂಲು ಯಾರ ಲಾಳ್ಯಾಗ ಕಂಡರೂ ಅಕಿ ನಮ್ಮ ಓಣ್ಯಾಕಿ ಅಲ್ಲ." ಎಲ್ಲರೂ ಕೈ ಎತ್ತಿದರು. ಮಕ್ತಲದಿಂದ ಸೊಸೆಯಾಗಿ ಬಂದ ನಾನು, ಅಕ್ಕಪಕ್ಕ ನೋಡಿಕೊಂಡು ಎತ್ತಿದೆ. ಅವತ್ತೇ ಓಣಿಯ ಮಗ್ಗಗಳು ನಿಂತವು.

ಓಣಿಗೆಲ್ಲ ಹಿರಿಯಳು ಮುದುಕಿ ಬಾಲಮ್ಮ. ಮರುದಿನದಿಂದ ಮನೆಮನೆಗೆ ಬಂದು, ನಿಂತ ಮಗ್ಗಗಳ ಧೂಳು ಒರೆಸತೊಡಗಿದಳು. ನಿಂತ ಮಗ್ಗ ಕಂಡರೆ ನನಗೆ ಭಯ. ಅವಳು ಒರೆಸುವಷ್ಟು ಹೊತ್ತು ಆ ಭಯ ಇಳಿಯುತ್ತಿತ್ತು.

ಆ ರಾತ್ರಿ ಎದ್ದು ಸದ್ದಿನ ಹಿಂದೆ ಹೋದೆ. ಅದು ತಿರುಪತಮ್ಮನ ಮನೆಯಿಂದಲೇ ಬರುತ್ತಿತ್ತು. ಆದರೆ ಮೆಟ್ಟು ತುಳಿಯುವ ಸದ್ದಷ್ಟೇ. ಎಳೆ ಬಿಗಿಯುವ ಹಲಗೆಯ ಬಡಿತವಿಲ್ಲ.

ಬಾಗಿಲು ತಳ್ಳಿದೆ. ತಿರುಪತಮ್ಮ ಮಗ್ಗದಡಿ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು, ಕಣ್ಣು ಊದಿದ್ದವು. ಅಂಚಿನ ಲಾಳಿಯ ಬಳಿ ಬಾಲಮ್ಮ. ನಾಲ್ಕು ಬೆರಳಗಲ ಪಾಲಿಯೆಸ್ಟರ್ ಅಂಚು ನೇಯ್ದಾಗಿತ್ತು. ಅಂಚನ್ನೂ ಒಡಲನ್ನೂ ಎಳೆಗೆ ಎಳೆ ಕೊಂಡಿ ಹಾಕುವ ನಮ್ಮ ನೇಯ್ಗೆಗೆ ಇಬ್ಬರು ಬೇಕು. ತಿರುಪತಮ್ಮ ಒಬ್ಬಳೇ ಕದ್ದು ನೇಯ್ದದ್ದು ಸೊಟ್ಟಗಿತ್ತು. ಈಗ ಇಬ್ಬರೂ ಸೇರಿ ಅದನ್ನು ಬಿಚ್ಚುತ್ತಿದ್ದರು.

"ಸಾವ್ಕಾರ ಮಗ್ಗ ಎತ್ತಿಸ್ತೀನಿ ಅಂದ, ಅನುರಾಧಾ," ಎಂದಳು ತಿರುಪತಮ್ಮ. ಅಷ್ಟು ಸಣ್ಣ ದನಿ ಅವಳಿಗಿದೆಯೆಂದು ಗೊತ್ತಿರಲಿಲ್ಲ. "ಬೆಳಗಾಗೂದ್ರೊಳಗ ನನ್ನ ನೂಲು ನಾಲ್ಕು ಬೆರಳು ನೇಯ್ದಿಡು, ನಿಂದು ಉಳಿತೈತಿ ಅಂದ."

ಬಾಲಮ್ಮ ಬೈಯುತ್ತಾಳೆಂದು ಕಾದೆ. ಅವಳು ಬೈದದ್ದು ನನಗೆ.

"ಏನು ನೋಡ್ತಿ? ನಾರಾಯಣಪೇಟ್ಯಾಗ ಬಿ.ಎ. ಓದೀದಿ, ಮೊಬೈಲ್ ಲೈಟ್ ಹಿಡಿಯಾಕ ಬರಂಗಿಲ್ಲೇನು?"

ಹಿಡಿದೆ. ಕೊನೆಯ ಎಳೆ ಬರುವವರೆಗೂ ಹಿಡಿದೆ.

ಬೆಳಿಗ್ಗೆ ಭಾನುಪ್ರಕಾಶ ಟ್ರಾಲಿ ಆಟೋ ತಂದು ಓಣಿಯನ್ನೆಲ್ಲ ಕರೆದ. "ನಿಮ್ಮ ಲೀಡರಮ್ಮನ ಮಗ್ಗ ನೋಡ್ ಬರ್ರಿ," ಎಂದು ನಗುತ್ತ ಒಳಗೆ ನುಗ್ಗಿದ. ಮಗ್ಗಕ್ಕೆ ಕಟ್ಟಿದ ಹಾಸಿನೆಳೆಗಳ ಮೇಲೆ ಅವನ ಪಾಲಿಯೆಸ್ಟರಿನ ಒಂದು ಎಳೆಯೂ ಇರಲಿಲ್ಲ.

"ಏನು ಹುಡುಕ್ತೀರಿ ಸಾವ್ಕಾರ್ರ?" ತಿರುಪತಮ್ಮನ ದನಿ ಕಟ್ಟೆಯ ಎತ್ತರಕ್ಕೆ ಏರಿತು. "ರಾತ್ರಿ ಕನಸು ಬಿತ್ತೇನ್ರಿ?"

ಹೆಂಗಸರು ನಕ್ಕರು. ಅವನ ಮುಖ ಕಪ್ಪಿಟ್ಟಿತು. "ಮಗ್ಗದ ಕಟ್ಟಿಗಿ ನಂದು. ಇವತ್ತೇ ಎತ್ತಿಸ್ತೀನಿ."

ನಗು ನಿಂತಿತು. ಎಲ್ಲರೂ ನೆಲ ನೋಡಿದರು. ಬಾಲಮ್ಮ ಟ್ರಾಲಿಗೆ ಅಡ್ಡವಿದ್ದ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. "ದಾರಿ ಬಿಡ್ರೇ. ಎತ್ಗೊಂಡ್ ಹೋಗ್ಲಿ."

ಈ ಸಲ ನಾನು ಅಕ್ಕಪಕ್ಕ ನೋಡಲಿಲ್ಲ. ಮುಂದೆ ಬಂದೆ.

"ನಮ್ಮ ಮನೀದೂ ಎತ್ರಿ. ಕಟ್ಟಿಗಿ ನಿಮ್ದು, ಒಪ್ಪಿದ್ವಿ. ಗುಂಡಿ ನಮ್ಮ ಮಾವ ತೋಡಿದ್ದು. ಅದನ್ನ ಹೆಂಗ ಹೇರ್ತೀರಿ ನೋಡ್ತೀನಿ."

"ನಮ್ದೂ ಎತ್ರಿ," ಎಂದಳು ಪಕ್ಕದ ಮನೆಯ ಮಲ್ಲೇಶ್ವರಿ. ಆಮೇಲೆ ಒಂದೊಂದೇ ಬಾಗಿಲಿನಿಂದ ಅದೇ ಮಾತು ಬಂತು.

ಟ್ರಾಲಿಯಲ್ಲಿ ಒಂದು ಮಗ್ಗಕ್ಕಷ್ಟೇ ಜಾಗ. ತಿರುಪತಮ್ಮನದನ್ನು ಹೇರಿಕೊಂಡು ಹೋದ. ಅವನ ನೂಲಿನ ಕಟ್ಟುಗಳನ್ನೂ ನಾವೇ ಮೇಲೆ ಎಸೆದೆವು. ತಿರುಪತಮ್ಮ ಬರಿದಾದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, "ಹೊಸ ಮಗ್ಗಕ್ಕ ಮರ ಎಲ್ಲಿ ಸಿಗತೈತಿ ಹೇಳ್ರೇ," ಎಂದಳು.

ಸಂಜೆ ಮಲ್ಲೇಶ್ವರಿ ನನ್ನ ಪಕ್ಕ ಬಂದು ಕೂತಳು. "ಅಂವ ಅಷ್ಟು ಧೈರ್ಯದಿಂದ ಎಲ್ಲಾರ್ನೂ ಯಾಕ ಕರದ ಅಂತೀನಿ. ರಾತ್ರಿ ನಿನಗೇನಾರ ಸದ್ದು ಕೇಳಿತೇನು?"

"ಇಲ್ಲ," ಎಂದೆ. ಗಂಡನಿಗೂ ಹೇಳಬಾರದೆಂದು ಆಗಲೇ ನಿಶ್ಚಯಿಸಿದ್ದೆ.