ತುಟಿಗೊಂದು ಕಹಿ ಬೇಲಿ

ಮೆಕ್ನೆಸ್ ಊರಿನ ಹಳೇ ಪೇಟೆಯಲ್ಲಿ ಲಲ್ಲಾ ಕೆಂಝಾಳ ಬ್ಯೂಟಿ ಪಾರ್ಲರ್. ಅದರ ಕಿಟಕಿ ಪಕ್ಕದ ಕುರ್ಚಿ ಬತೂಲಳದು. ಅಲ್ಲಿ ತುಟಿಗೆ ಮಾತ್ರ ಆರೈಕೆ. ಮೊದಲು ಬಿಸಿನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಸಕ್ಕರೆ ಬೆರೆಸಿದ ಎಣ್ಣೆಯಿಂದ ಮೆಲ್ಲಗೆ ಉಜ್ಜುವುದು, ಕೊನೆಗೆ ದಪ್ಪಗೆ ಜೇನಿನ ಲೇಪ. ಆದರೆ ಕುರ್ಚಿ ಹಾಕಿದಾಗಿನಿಂದ ಬಂದು ಕೂತವರಿಗಿಂತ, "ಇನ್ನು ಕಿವಿಗೂ ಒಂದು ಕುರ್ಚಿ ಹಾಕಮ್ಮಾ" ಎಂದು ನಕ್ಕು ಹೋದವರೇ ಹೆಚ್ಚು.

"ನೋಡು ಬತೂಲ್, ಶನಿವಾರ ನುಹೈಲಾ ಮದುವೆ. ಅರ್ಧ ಊರೇ ಬರುತ್ತೆ," ಎಂದಳು ಕೆಂಝಾ. "ಅವಳ ತುಟಿ ನೋಡಿ ನಾಲ್ಕು ಹೆಂಗಸ್ರು ವಿಚಾರಿಸಿದ್ರೆ ನಿನ್ನ ಕುರ್ಚಿ ಉಳೀತು. ಇಲ್ಲಾಂದ್ರೆ ಅಲ್ಲಿ ಕೂದಲು ಒಣಗಿಸೋ ಮಿಷನ್ ತಂದಿಡ್ತೀನಿ. ಬೇಜಾರು ಮಾಡ್ಕೋಬೇಡ."

ಮದುಮಗಳು ಸೋಮವಾರ ಬಂದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬತೂಲ್ ಮನಸ್ಸಿಟ್ಟು ಕೆಲಸ ಮಾಡಿದಳು. ಜೇನು ಹಚ್ಚಿ, ಅವಳ ಕಣ್ಣಿನ ಮೇಲೆ ತಂಪು ಬಟ್ಟೆ ಹಾಕಿ, ಚಹಾ ಮಾಡಲು ಒಳಗೆ ಹೋದಳು. ಪುದೀನ ಹಾಕಿ ಕುದಿಸಿಕೊಂಡು ಬರುವಷ್ಟರಲ್ಲಿ ತುಟಿಯ ಮೇಲೆ ಜೇನಿನ ಗುರುತೇ ಇಲ್ಲ.

"ನೋಡಿದ್ರಾ ಲಲ್ಲಾ ಕೆಂಝಾ! ಹೇಗೆ ಹೀರ್ಕೊಂಡಿದೆ! ಎಷ್ಟು ಬಾಯಾರಿತ್ತೋ ಪಾಪ ಈ ತುಟಿಗೆ!" ಎಂದು ಹಿಗ್ಗಿದಳು. ಇನ್ನೊಂದು ಚಮಚ ಸುರಿದಳು. ಅದೂ ಮಾಯ.

ಬುಧವಾರಕ್ಕೆ ತುಟಿ ಇನ್ನೂ ಕೆಟ್ಟಿತು. ಉಜ್ಜಿದ್ದೇ ಹೆಚ್ಚಾಯಿತೇನೋ ಎಂದುಕೊಂಡು ಬತೂಲ್ ಸಕ್ಕರೆ ನಿಲ್ಲಿಸಿ, ಜೇನನ್ನು ಎರಡು ಪಟ್ಟು ಮಾಡಿದಳು. ಗುರುವಾರ ಬೆಳಿಗ್ಗೆ ನೋಡಿದರೆ ಕೆಳತುಟಿ ಸೀಳಿ ರಕ್ತ ಜಿನುಗುತ್ತಿತ್ತು. ಅತ್ತ ಕೆಂಝಾ ಕಿಟಕಿ ಪಕ್ಕದ ಜಾಗವನ್ನು ಗೇಣು ಹಾಕಿ ಅಳೆಯುತ್ತಿದ್ದಳು.

ಅಂದು ಮೊಮ್ಮಗಳ ಜೊತೆ ಅಜ್ಜಿ ಹಾಜ್ಜಾ ತಾಮೂ ಬಂದಿದ್ದಳು. ಬತೂಲ್ ಎಂದಿನಂತೆ ಜೇನು ಹಚ್ಚಿ ಚಹಾಕ್ಕೆ ಹೊರಟಳು. ಹಿಂದಿನಿಂದ ಅಜ್ಜಿಯ ದನಿ ಕೇಳಿತು.

"ಲೇ ಹುಡುಗಿ, ಚಹಾ ಆಮೇಲೆ ಮಾಡ್ಕೋ. ಇಲ್ಲಿ ಬಾ, ಸುಮ್ನೆ ನಿಂತು ನೋಡು."

ಬತೂಲ್ ನಿಂತು ನೋಡಿದಳು. ಕಣ್ಣು ಮುಚ್ಚಿ ಮಲಗಿದ್ದ ಮದುಮಗಳ ನಾಲಿಗೆ ಮೆಲ್ಲಗೆ ಹೊರಗೆ ಬಂತು. ಬಲಗಡೆ ಒಂದು ಸುತ್ತು, ಎಡಗಡೆ ಒಂದು ಸುತ್ತು. ಜೇನು ಖಾಲಿ!

"ಹೀರಿದ್ದು ತುಟಿಯಲ್ಲ ಕಣೇ, ನಾಲಿಗೆ," ಎಂದಳು ಅಜ್ಜಿ. "ಎದೆ ಡವಗುಟ್ಟಿದ್ರೆ ಸಾಕು, ಚಿಕ್ಕಂದಿನಿಂದ ತುಟಿ ನೆಕ್ಕೋದೇ ಇವಳ ಕೆಲಸ. ನೀನು ಮೇಲಿಂದ ಸಿಹಿ ಬೇರೆ ಬಡಿಸ್ತಿದ್ದೀಯ!"

ನುಹೈಲಾ ಬಟ್ಟೆ ಸರಿಸಿ ಎದ್ದು ಕೂತಳು. "ನಾನೇನು ಬೇಕಂತ ಮಾಡ್ತೀನಾ ಅಜ್ಜೀ? ನನಗೇ ಗೊತ್ತಾಗಲ್ಲ. ಮದುವೆ ದಿನ ಹರಿದ ಚೀಲದ ಥರ ನಗಬೇಕಾ ನಾನು?" ಎಂದವಳ ಕಣ್ಣು ತುಂಬಿತು.

ಬತೂಲಳಿಗೆ ಒಂದು ಕಡೆ ನಗು, ಒಂದು ಕಡೆ ನಾಚಿಕೆ. ತಾನೇ ಬೆಲ್ಲ ಚೆಲ್ಲಿ, ಇರುವೆ ಎಲ್ಲಿಂದ ಬಂತೆಂದು ಹುಡುಕಿದಂತಾಯಿತಲ್ಲ! "ತಪ್ಪು ನಂದು, ಮದುಮಗಳೇ. ಈ ನಾಲಿಗೆಗೆ ಎರಡು ದಿನ ಬೇಲಿ ಹಾಕ್ಬೇಕು. ಹೇಗೆ?"

"ಅದಕ್ಕೇನು, ಇವಳಿಗೆ ಮೊಲೆಹಾಲು ಬಿಡಿಸಿದ್ದು ಯಾರು? ನಾನೇ," ಎಂದು ಹಾಜ್ಜಾ ತಾಮೂ ತೋಳೇರಿಸಿದಳು. "ಇವಳಮ್ಮನ ಎದೆಗೆ ಲೋಳೆಸರದ ಹಳದಿ ಹಾಲು ಸವರಿದ್ದೆ. ಎರಡೇ ದಿನ, ಆ ಕಡೆ ತಿರುಗಿಯೂ ನೋಡ್ಲಿಲ್ಲ. ಆ ಗಿಡದ ಮರಿ ಈಗಲೂ ನಮ್ಮ ತಾರಸಿ ಮೇಲಿದೆ."

"ಅಜ್ಜೀ! ನಾನು ಮದುಮಗಳು!"

"ಮದುಮಕ್ಳೆಲ್ಲಾ ಒಂದು ಕಾಲಕ್ಕೆ ಹಾಲು ಕುಡಿದೋರೇ. ಬಾಯಿ ಮುಚ್ಚು!"

ಮನೆಯಿಂದ ಒಂದು ಎಸಳು ತರಿಸಿಕೊಂಡ ಅಜ್ಜಿ ಅದರ ಹಾಲನ್ನು ನೇರವಾಗಿ ತುಟಿಗೇ ಬಳಿಯುವ ಉತ್ಸಾಹದಲ್ಲಿದ್ದಳು. ಬತೂಲ್ ತಡೆದಳು. "ಸೀಳಿದ ಕಡೆ ಬೇಡ ಹಾಜ್ಜಾ, ಉರಿಯುತ್ತೆ. ತುಟಿಗೆ ನನ್ನ ಮುಲಾಮು. ಸುತ್ತ ತೆಳ್ಳಗೆ ನಿಮ್ಮ ಕಹಿ."

ಜೇನುಮೇಣವನ್ನು ಬಾದಾಮಿ ಎಣ್ಣೆಯಲ್ಲಿ ಕರಗಿಸಿದಳು. ಸಿಹಿಯಿಲ್ಲ, ಪರಿಮಳವಿಲ್ಲ. ಅದನ್ನು ತುಟಿಗೆ ಹಚ್ಚಿ, ಅಂಚಿನ ಹೊರಗೆ ಲೋಳೆಸರದ ಗೆರೆ ಎಳೆದಳು. ಸ್ವಲ್ಪ ಹೊತ್ತಿಗೇ ನಾಲಿಗೆ ಹೊರಬಂತು, ಬೇಲಿ ಮುಟ್ಟಿತು. ನುಹೈಲಾಳ ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ಪಾರ್ಲರಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. "ಅಯ್ಯೋ, ನಗಿಸ್ಬೇಡ್ರೇ, ಸೀಳುತ್ತೆ!"

ಶುಕ್ರವಾರ ಮದರಂಗಿ ಶಾಸ್ತ್ರ. ಬತೂಲ್ ಮುಲಾಮಿನ ಡಬ್ಬಿ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಎರಡೂ ಕೈಗೆ ಮದರಂಗಿ ಮೆತ್ತಿಸಿಕೊಂಡವಳ ಬಾಯಿಗೆ ತುತ್ತನ್ನೂ ಅವಳೇ ಇಟ್ಟಳು. ಶನಿವಾರ ಬೆಳಿಗ್ಗೆ ಸೀಳು ಕೂಡಿತ್ತು. ಸಂಜೆಗೆ ತುಟಿ ಮಗುವಿನದರಂತೆ ನುಣುಪಾಗಿತ್ತು. ಅಜ್ಜಿ ಸಂಪ್ರದಾಯದಂತೆ ಅಕ್ರೋಟು ಮರದ ತೊಗಟೆ ನೆನೆಸಿ ತಂದು ತುಟಿಗೆ ಒಂದೇ ಒಂದು ಸಲ ಸವರಿದಳು. ಕೆಂಗಂದು ಬಣ್ಣ ಏರಿತು. ಮದುಮಗಳು ಪಲ್ಲಕ್ಕಿಯಲ್ಲಿ ಕೂತು ಬಾಯ್ತುಂಬ ನಕ್ಕಾಗ ಹೆಂಗಸರ ಕೇಕೆ ಬೀದಿ ದಾಟಿ ಹೋಯಿತು.

ಸೋಮವಾರ ಪಾರ್ಲರಿನ ಬಾಗಿಲಲ್ಲಿ ನಾಲ್ಕಲ್ಲ, ಏಳು ಹೆಂಗಸರು. ಕೆಂಝಾ ಗಂಟಲು ಸರಿಮಾಡಿಕೊಂಡು, "ಬತೂಲ್, ಆ ಕುರ್ಚಿಗೊಂದು ಮೆತ್ತನೆ ದಿಂಬು ಹಾಕಬಾರ್ದಾ?" ಎಂದಳು. ಮಿಷನ್ನಿನ ಮಾತು ಅವಳ ಬಾಯಿಗೆ ಮತ್ತೆ ಬರಲಿಲ್ಲ.

ಎಲ್ಲರಿಗಿಂತ ಮೊದಲು ಕುರ್ಚಿ ಹಿಡಿದು ಕೂತವಳು ಹಾಜ್ಜಾ ತಾಮೂ. "ನನಗೂ ಮಾಡು. ಮುಲಾಮು ಬೇಡ, ಜೇನೇ ಹಚ್ಚು."

ಬತೂಲ್ ಜೇನು ಹಚ್ಚಿ ಚಹಾಕ್ಕೆ ಹೋದಳು. ಬಂದು ನೋಡಿದರೆ ಅಜ್ಜಿಯ ತುಟಿ ಖಾಲಿ.

"ಹೀರ್ಕೊಳ್ತು, ಮಗಳೇ," ಎಂದಳು ಅಜ್ಜಿ, ಕಣ್ಣೂ ತೆರೆಯದೆ. "ಇನ್ನೊಂದು ಚಮಚ ಹಾಕು."